ಅಣ್ಣನ ಗುರುತು ಹಿಡಿದ ಕೋತಿ

ಹೊರಡುವ ಮೊದಲು, ರಾಯಲ್ಪಾಡು

ಜಪಾನಿಗೆ ಹೋಗಿ ಬಂದೆ ಎಂದರೆ ಸ್ಟಾಫ್‌ರೂಮಿನಲ್ಲಿ ಎಲ್ಲರೂ ಬುಲೆಟ್ ರೈಲಿನ ಬಗ್ಗೆ ಕೇಳುತ್ತಾರೆ. ನಾನು ಅದನ್ನು ಹತ್ತಲಿಲ್ಲ. ಚೆರ್ರಿ ಹೂವೂ ನೋಡಲಿಲ್ಲ, ನಾವು ಹೋಗುವಷ್ಟರಲ್ಲಿ ಉದುರಿಹೋಗಿತ್ತು. ಬೇಸಿಗೆ ರಜೆ ಪೂರ್ತಿ ಕೋತಿ ನೋಡಿಕೊಂಡು ಬಂದೆ ಎಂದರೆ, "ಅದಕ್ಕೆ ಜಪಾನ್ ಯಾಕೆ ಮೇಡಂ, ಮುಳಬಾಗಿಲಿಗೆ ಹೋಗಿದ್ರೆ ಸಾಕಿತ್ತಲ್ಲ" ಎಂದು ನಗುತ್ತಾರೆ. ನಗಲಿ ಬಿಡಿ, ನನಗೇನು.

ನಾನು ಶ್ರೀನಿವಾಸಪುರದಲ್ಲಿ ಹೈಸ್ಕೂಲ್ ವಿಜ್ಞಾನದ ಟೀಚರು. ನನ್ನಣ್ಣ ನಾರಾಯಣಸ್ವಾಮಿ ರಾಯಲ್ಪಾಡಿನಲ್ಲಿ ಮಾವಿನ ತೋಟ ನೋಡಿಕೊಂಡಿದ್ದವನು. ಮೂರು ವರ್ಷದ ಹಿಂದೆ ಅವನಿಗೆ ಮಿದುಳು ಜ್ವರ ಬಂತು. ಬದುಕಿದ್ದೇ ಹೆಚ್ಚು ಎಂದರು ಡಾಕ್ಟರು. ಮನೆಗೆ ಬಂದ, ನಡೆದ, ಉಂಡ, ಜೋಕು ಹೊಡೆದ. ನನ್ನನ್ನು ಗುರುತಿಸಿದ, ಅತ್ತಿಗೆಯನ್ನು ಗುರುತಿಸಿದ, ತೋಟದ ಒಂದೊಂದು ಹಳೇ ಮರವನ್ನೂ ಗುರುತಿಸಿದ. ದೇವರು ದೊಡ್ಡವನು ಅಂದುಕೊಂಡೆವು. ಎರಡು ತಿಂಗಳಿಗೆ ಅತ್ತಿಗೆಗೆ ಹೆರಿಗೆಯಾಯಿತು. ಮಗುವನ್ನು ಎತ್ತಿಕೊಂಡು ಮುದ್ದಾಡಿದ, ಕೆಳಗಿಳಿಸಿದ, ಎಲೆಯಡಿಕೆ ಹಾಕಿಕೊಂಡು ತಿರುಗಿ ನೋಡಿ ಕೇಳಿದ: "ಯಾರ ಪಾಪಮ್ಮ ಇದು?"

ಆಗಲೇ ನಮಗೆ ಗೊತ್ತಾದದ್ದು. ಜ್ವರಕ್ಕೆ ಮುಂಚಿನದೆಲ್ಲ ಭದ್ರವಾಗಿದೆ. ಆಮೇಲೆ ಕಂಡದ್ದು, ಕೇಳಿದ್ದು ಯಾವುದೂ ನಿಲ್ಲುವುದಿಲ್ಲ. ಐದು ನಿಮಿಷ ಕಣ್ಮರೆಯಾದರೆ ಮಗಳು ಅವನಿಗೆ ಹೊಸ ಮಗು. ಬುಜ್ಜಿಗೆ ಈಗ ಮೂರು ವರ್ಷ ತುಂಬುತ್ತಾ ಬಂತು. ದಿನಾ ಅಪ್ಪನ ಬಾಯಲ್ಲಿ "ಯಾರ ಪಾಪಮ್ಮ?" ಕೇಳಿ ಕೇಳಿ ಆ ಮಗು ಅಪ್ಪನ ಹತ್ತಿರ ಹೋಗುವುದನ್ನೇ ಬಿಟ್ಟಿತ್ತು. ಅತ್ತಿಗೆ ಮಂಜುಳ ನನಗಿಂತ ಚಿಕ್ಕವಳು, ತಡೆದುಕೊಳ್ಳುವವಳು. ಅವಳೇ ಒಂದು ದಿನ ಅಂದಳು: "ಪದ್ಮಕ್ಕ, ಅವ್ರಿಗೆ ಅನ್ನ ಹಾಕ್ಕೊಂಡು ನಾನು ಇದ್ಬಿಡ್ತೀನಿ. ಆದ್ರೆ ಈ ಮಗೂನ ಮುಖ ನೋಡಕ್ಕಾಗಲ್ಲ. ಮಾವಿನ ಸುಗ್ಗಿ ಮುಗೀಲಿ, ಮದನಪಲ್ಲಿಗೆ ಅಮ್ಮನ ಮನೆಗೆ ಕರ್ಕೊಂಡೋಗ್ತೀನಿ."

ಅಷ್ಟರಲ್ಲೇ ನನ್ನ ನಾದಿನಿಯ ಮಗಳು ಸುಮಾ ಫೋನು ಮಾಡಿದ್ದು. ಅವಳು ಜಪಾನಿನಲ್ಲಿ ಒಂದು ಕೋತಿ ಸಂಶೋಧನಾ ಕೇಂದ್ರದಲ್ಲಿ ಪಶುವೈದ್ಯೆ. "ಅತ್ತೆ, ಕಣ್ಣಲ್ಲಿ ನೋಡಿದ್ದನ್ನ ಮಿದುಳು ಹೇಗೆ ಗುರ್ತಿಟ್ಕೊಳ್ಳತ್ತೆ ಅನ್ನೋದೇ ಇಲ್ಲಿನ ಕೆಲ್ಸ. ನಮ್ಮ ಡಾಕ್ಟರ್ ಹರುಕೊ ದೊಡ್ಡಪ್ಪನ್ನ ನೋಡ್ತೀನಿ ಅಂತಿದಾರೆ. ವಾಸಿ ಮಾಡ್ತಾರೆ ಅಂತ ಹೇಳಲ್ಲ. ಕರ್ಕೊಂಡ್ಬನ್ನಿ." ವಾಸಿ ಮಾಡಲ್ಲ ಎಂದದ್ದು ನನ್ನ ಕಿವಿಗೆ ಬೀಳಲೇ ಇಲ್ಲ, ಕರ್ಕೊಂಡ್ಬನ್ನಿ ಎಂದದ್ದು ಮಾತ್ರ ಬಿತ್ತು.

ಒಸಾಕಾ, ಲಗೇಜು ಬರುವ ಜಾಗ

ಸೂಟ್‌ಕೇಸು ಹೊಸದು. ಅಣ್ಣನಿಗೆ ಅದರ ಗುರುತು ಸಿಗುವುದಿಲ್ಲ ಎಂದು ಬುದ್ಧಿವಂತಿಕೆ ಮಾಡಿ ಅವನ ಹಳೇ ಕೆಂಪು ಚೌಕಳಿ ಟವೆಲನ್ನು ಹಿಡಿಗೆ ಕಟ್ಟಿದ್ದೆ. ಟವೆಲು ಜ್ವರಕ್ಕೆ ಮುಂಚಿನದು. ನಾನು ಟಾಯ್ಲೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಅಣ್ಣ ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ನಿಂತಿದ್ದಾನೆ, ಸೂಟ್‌ಕೇಸು ಮುಂದಕ್ಕೆ ಹೋಗುತ್ತಿದೆ!

"ಪದ್ದೀ, ನೋಡಿದ್ಯಾ ಕಳ್ಳರನ್ನ? ನನ್ ಟವೆಲ್ ಯಾವನ್ದೋ ಪೆಟ್ಟಿಗೆಗೆ ಕಟ್ಕೊಂಡವ್ನೆ!"

"ಅಯ್ಯೋ ನಿನ್ನ! ಅದು ನಮ್ಮದೇ ಪೆಟ್ಟಿಗೆ ಕಣೋ!"

"ನಮ್ದಾ? ನಾನು ಜನ್ಮದಲ್ಲಿ ನೋಡಿಲ್ಲ."

ಆಮೇಲೆ ಸುತ್ತ ನೋಡಿದ. "ಯಾವೂರಮ್ಮ ಇದು?" "ಜಪಾನು." ಅಣ್ಣನ ಕಣ್ಣು ಅಗಲವಾಯಿತು. "ಜಪಾನಾ! ಯಾವಾಗ ಬಂದ್ವಿ? ಮಂಜುಳಂಗೆ ಹೇಳಿದೀಯಾ?" ಇದನ್ನು ವಿಮಾನದಲ್ಲೇ ಎಷ್ಟು ಸಲ ಹೇಳಿದ್ದೆನೋ. ಅಲ್ಲಿದ್ದಷ್ಟು ದಿನವೂ ಪ್ರತಿ ಬೆಳಿಗ್ಗೆ ಹೇಳಿದೆ, ಪ್ರತಿ ಬೆಳಿಗ್ಗೆ ಅವನು ಹಾಗೇ ಬೆಚ್ಚಿಬಿದ್ದ. ನನ್ನ ವಿದೇಶ ಪ್ರವಾಸದ ಬೆರಗು ಎರಡು ದಿನಕ್ಕೆ ಇಳಿಯಿತು. ಅವನದು ಒಂದು ದಿನಕ್ಕೂ ಇಳಿಯಲಿಲ್ಲ.

ಮನೆಯೊಡತಿ

ಸುಮಾ ಕೇಂದ್ರದ ಹತ್ತಿರದ ಸಣ್ಣ ಊರಿನಲ್ಲಿ ಒಬ್ಬ ಅಜ್ಜಿಯ ಮನೆಯಲ್ಲಿ ನಮಗೆ ಕೋಣೆ ಹಿಡಿದಿದ್ದಳು. ಅಲ್ಲಿ ಟಾಯ್ಲೆಟ್ಟಿಗೇ ಬೇರೆ ಚಪ್ಪಲಿ. ಒಳಗೆ ಹೋಗುವಾಗ ಹಾಕಬೇಕು, ಹೊರಗೆ ಬರುವಾಗ ಅಲ್ಲೇ ಬಿಡಬೇಕು. ಅಣ್ಣ ಬಿಡಲಿಲ್ಲ. ಅದೇ ಚಪ್ಪಲಿಯಲ್ಲಿ ಹಜಾರಕ್ಕೆ, ಊಟದ ಚಾಪೆಗೆ ಬಂದುಬಿಟ್ಟ. ಅಜ್ಜಿ ಮನೆ ಚಪ್ಪಲಿ ತಂದು ಅವನ ಮುಂದಿಟ್ಟಳು, ಆ ಇನ್ನೊಂದನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಹೋದಳು.

ನನಗೆ ಮನಸ್ಸು ತುಂಬಿ ಬಂದದ್ದು ಇನ್ನೊಂದಕ್ಕೆ. ದಿನಾ ಬೆಳಿಗ್ಗೆ ಅಣ್ಣ ಅವಳನ್ನು ಹೊಸದಾಗಿ ಕಂಡು ಕೈಮುಗಿಯುತ್ತಿದ್ದ. ಅವಳು ದಿನಾ ಸೊಂಟ ಬಗ್ಗಿಸಿ ವಂದಿಸುತ್ತಿದ್ದಳು. ಅರ್ಧ ಗಂಟೆ ಬಿಟ್ಟು ಮತ್ತೆ ಎದುರಾದರೆ ಅವನು ಮತ್ತೆ ಕೈಮುಗಿದ, ಅವಳು ಮತ್ತೆ ಬಗ್ಗಿದಳು. ಎಷ್ಟು ಸಲವಾದರೂ ಅವಳ ಮುಖದಲ್ಲಿ ಬೇಸರವಿಲ್ಲ, ಅನುಮಾನವಿಲ್ಲ. ನಮ್ಮೂರಲ್ಲಾದರೆ ಟೀ ಅಂಗಡಿ ಮುಂದೆ ನಿಲ್ಲಿಸಿಕೊಂಡು, "ಏನ್ಲಾ ನಾರಾಯಣ, ನಾನ್ಯಾರು ಹೇಳು ನೋಡನ" ಎಂದು ಕೇಳಿ, ಅವನು ತಡಬಡಾಯಿಸಿದರೆ ಬೆಂಚು ಬಡಿದು ನಗುತ್ತಾರೆ. ಆ ಬೆಂಚಿನ ಮೇಲಿನ ಹಲ್ಲುಗಳನ್ನು ನೆನೆಸಿಕೊಂಡರೆ ಈಗಲೂ ನನಗೆ ರೋಷ ಉಕ್ಕುತ್ತದೆ.

ಕೋತಿಗಳ ಬೆಟ್ಟ

ಕೇಂದ್ರ ಎಂದರೆ ನಾನು ಪಂಜರಗಳ ಸಾಲು ಅಂದುಕೊಂಡಿದ್ದೆ. ಹಾಗಿರಲಿಲ್ಲ. ನಮ್ಮ ಕೋಲಾರ ಕಡೆಯ ಟೇಕಲ್ ಬೆಟ್ಟದ ಒಂದು ಮಗ್ಗುಲಿಗೆ ಎತ್ತರದ ಬೇಲಿ ಹಾಕಿದರೆ ಹೇಗೋ ಹಾಗೆ, ಕಾಡೂ ಕಲ್ಲೂ ಇರುವ ಜಾಗ. ಬೇಲಿಗೆ ಅಂಟಿದಂತೆ ಸಣ್ಣ ಗೂಡು, ಗೂಡಿನಲ್ಲಿ ಟಚ್ ಸ್ಕ್ರೀನು. ಇಷ್ಟವಿದ್ದ ಕೋತಿ ತಾನಾಗಿ ಬಂದು ಆಟ ಆಡುತ್ತದೆ, ಸರಿಯಾಗಿ ಮುಟ್ಟಿದರೆ ದ್ರಾಕ್ಷಿ ಬೀಳುತ್ತದೆ. ಇಷ್ಟವಿಲ್ಲದಿದ್ದರೆ ಹೇನು ಹೆಕ್ಕಿಸಿಕೊಂಡು ಕೂರುತ್ತದೆ. ನನ್ನ ಒಂಬತ್ತನೇ ಕ್ಲಾಸು ಕಣ್ಣಮುಂದೆ ಬಂತು.

ಅಣ್ಣ ಕೋತಿ ಕಂಡ ತಕ್ಷಣ ಎರಡು ಕೆಲಸ ಮಾಡಿದ. ಒಂದು, "ಆಂಜನೇಯ, ಕಾಪಾಡಪ್ಪ" ಎಂದು ಕೈಮುಗಿದ. ಎರಡು, ಹೆಗಲ ಚೀಲವನ್ನು ಗಟ್ಟಿಯಾಗಿ ಅವುಚಿಕೊಂಡ. ಮುಳಬಾಗಿಲು ಕಡೆ ಬೆಳೆದವರಿಗೆ ಇವೆರಡೂ ಒಟ್ಟೊಟ್ಟಿಗೇ ಬರುತ್ತವೆ. ಸುಮಾ ನಕ್ಕಳು. ಆಮೇಲೆ ಅಣ್ಣ ಬೇಲಿಗೆ ಮುಖ ಒತ್ತಿ ನೋಡಿ ಕಿರುಚಿದ:

"ಅಯ್ಯಯ್ಯೋ! ಬಾಲ ಎಲ್ಲಮ್ಮ ಇವಕ್ಕೆ? ಯಾವ ಪಾಪಿ ಕತ್ತರಿಸ್ದ?"

ಆ ದೇಶದ ಕೋತಿಗೆ ಹುಟ್ಟುತ್ತಲೇ ಬಾಲ ಗೇಣುದ್ದವೂ ಇರುವುದಿಲ್ಲ, ಮುಖ ಕುಂಕುಮದ ಬಣ್ಣ. ಸುಮಾ ಬಿಡಿಸಿ ಹೇಳಿದಳು, ಅವನು ತಲೆಯಾಡಿಸಿದ. ನಾಳೆ ಮತ್ತೆ ಅದೇ ಕಿರುಚಾಟ ಎಂದು ನನಗೆ ಗೊತ್ತಿತ್ತು.

ನಾವು ಡಾಕ್ಟರ್ ಹರುಕೊ ಅವರ ಜೊತೆ ಮಾತಿಗೆ ನಿಂತೆವು. ಬಿಳಿಕೂದಲಿನ, ಕಡ್ಡಿಯಂಥ ಹೆಂಗಸು. ನಾವು ತಿರುಗುವಷ್ಟರಲ್ಲಿ ಅಣ್ಣ ಜೇಬಿನಿಂದ ಹುರಿದ ಕಡಲೇಕಾಯಿ ತೆಗೆದು ಬೇಲಿಯ ಮೇಲಿಂದ ಎಸೆಯುತ್ತಿದ್ದ. ಅತ್ತಿಗೆ ದಾರಿಗೆಂದು ಕಟ್ಟಿಕೊಟ್ಟದ್ದು. ಆಂಜನೇಯ ಎದುರಿಗೆ ಬಂದರೆ ಬರಿಗೈಯಲ್ಲಿ ನಿಲ್ಲುವುದುಂಟೇ! ಮೋಮೊ ಎಂಬ ಹೆಣ್ಣುಕೋತಿ ಮಿಕ್ಕವನ್ನೆಲ್ಲ ಓಡಿಸಿ ಒಂದೊಂದೇ ಸುಲಿದು ತಿಂದು ಮುಗಿಸಿತು. ಮೋಮೊ ಎಂದರೆ ಅವರ ಭಾಷೆಯಲ್ಲಿ ಪೀಚ್ ಹಣ್ಣಂತೆ. ಕೇಂದ್ರಕ್ಕೆಲ್ಲ ಜಾಣ ವಿದ್ಯಾರ್ಥಿನಿ ಅದೇ. ಹೊಟ್ಟೆ ತುಂಬಿದ್ದರಿಂದ ಆವತ್ತು ಗೂಡಿನ ಕಡೆ ತಿರುಗಿಯೂ ನೋಡಲಿಲ್ಲ. ಇಡೀ ದಿನದ ಕೆಲಸ ನೀರುಪಾಲು. ಹರುಕೊ ಬೈಯಲಿಲ್ಲ, ಹಲ್ಲಿನ ಸಂದಿಯಿಂದ ಉಸಿರನ್ನು ಸೊರ್ ಎಂದು ಒಳಗೆಳೆದುಕೊಂಡರು. ಬೈದಿದ್ದರೇ ವಾಸಿಯಿತ್ತು, ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ನಿಜವಾದ ಆಘಾತ ಮಾರನೆಯ ದಿನದ್ದು. ನಾವು ಬೇಲಿ ಹತ್ತಿರ ಹೋದೆವು. ಒಂದಷ್ಟು ಜನ ಕೆಲಸಗಾರರು, ಸುಮಾ, ಅಣ್ಣ, ನಾನು, ಎಲ್ಲರ ಮುಖಕ್ಕೂ ಮಾಸ್ಕು. ಮೋಮೊ ಕಲ್ಲಿನ ತುದಿಯಿಂದ ಇಳಿದು, ಎಲ್ಲರನ್ನೂ ದಾಟಿ, ಸೀದಾ ಅಣ್ಣನ ಎದುರಿಗೆ ಬಂದು ಕುಕ್ಕರಿಸಿ, ಅಂಗೈ ಮೇಲೆ ಮಾಡಿ ಕೈ ಚಾಚಿತು. ಒಂದೇ ಒಂದು ದಿನ ನೋಡಿದ್ದು!

ಅಣ್ಣ ಅದನ್ನು ನೋಡಿ ಬೆಚ್ಚಿದ. "ಅಯ್ಯಯ್ಯೋ! ಇದಕ್ಕೆ ಬಾಲ ಎಲ್ಲಮ್ಮ?"

ಕೋತಿಗೆ ಅಣ್ಣ ಗೊತ್ತು, ಅಣ್ಣನಿಗೆ ಕೋತಿ ಗೊತ್ತಿಲ್ಲ. ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ನಾಚಿಕೆಯೂ ಆಗಲಿಲ್ಲ.

ಪರೀಕ್ಷೆಯ ಕೋಣೆ

ಕೋತಿಗಳಿಗೆ ಕೊಡುವ ಪರೀಕ್ಷೆಯನ್ನೇ ಅಣ್ಣನಿಗೂ ಕೊಟ್ಟರು. ಪರದೆಯ ಮೇಲೆ ಒಂದು ಚಿತ್ರ ಬರುತ್ತದೆ, ಮಾಯವಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಆ ಚಿತ್ರವೂ ಹೊಸದೊಂದೂ ಅಕ್ಕಪಕ್ಕ ಬರುತ್ತವೆ. ಹೊಸದನ್ನು ಮುಟ್ಟಬೇಕು. ಹಳೆಯದು ನೆನಪಿದ್ದರೆ ತಾನೇ ಹೊಸದು ಯಾವುದೆಂದು ಗೊತ್ತಾಗುವುದು. ಮೋಮೊ ಇದನ್ನು ಬಾಯಲ್ಲಿ ದ್ರಾಕ್ಷಿ ಜಗಿಯುತ್ತಲೇ ಮಾಡುತ್ತದೆ. ಅಣ್ಣ ಒಂದು ಸಲ ಸರಿ, ಒಂದು ಸಲ ತಪ್ಪು, ಬರೀ ಅದೃಷ್ಟದ ಆಟ. "ಎರಡೂ ಹೊಸವೇ ಅಲ್ವಾ?" ಎಂದು ನನ್ನನ್ನೇ ಕೇಳಿದ. ಎಷ್ಟು ಪರೀಕ್ಷೆಗಳಿಗೆ ಮೇಲ್ವಿಚಾರಣೆ ಮಾಡಿದ್ದೇನೆ ನಾನು, ಯಾವತ್ತೂ ಉತ್ತರ ಹೇಳಿಕೊಡಬೇಕೆಂದು ನಾಲಿಗೆ ತುರಿಸಿರಲಿಲ್ಲ.

ಹರುಕೊ ಮಿದುಳಿನ ಪ್ಲಾಸ್ಟಿಕ್ ಮಾದರಿ ಬಿಚ್ಚಿ ತೋರಿಸಿದರು, ಸುಮಾ ಕನ್ನಡದಲ್ಲಿ ಹೇಳಿದಳು. ನನಗೆ ಅರ್ಥವಾದದ್ದು ಇಷ್ಟು. ಕಣ್ಣು ಕಂಡದ್ದು ಮಿದುಳಿನ ಹಿಂಭಾಗಕ್ಕೆ ಹೋಗಿ, ಅಲ್ಲಿಂದ ಕಿವಿಯ ಮಟ್ಟದಲ್ಲಿ ಮುಂದಕ್ಕೆ ಬರುತ್ತಾ ಬರುತ್ತಾ ಬಣ್ಣ, ಗೆರೆ, ಆಕಾರ ಸೇರಿ ಒಂದು ವಸ್ತುವಾಗುತ್ತದೆ. ಆ ದಾರಿಯ ಕೊನೆಯಲ್ಲಿ, ಒಳಮಗ್ಗುಲಿನ ಮಡಿಕೆಯಲ್ಲಿ ಪೆರಿರೈನಲ್ ಎಂಬ ಪಟ್ಟಿಯಿದೆ. ಸಂತೆಯಲ್ಲಿ ಒಂದು ಮುಖ ಕಂಡಾಗ "ಇವನನ್ನ ಎಲ್ಲೋ ನೋಡಿದೀನಲ್ಲ" ಅನ್ನಿಸುತ್ತದಲ್ಲ, ಅದು ಈ ಪಟ್ಟಿಯ ಕೆಲಸ. "ಹೋದ ವಾರ ಚಿಂತಾಮಣಿ ಬಸ್ಸಲ್ಲಿ ಪಕ್ಕ ಕೂತಿದ್ದ" ಎಂದು ಜಾಗ, ಹೊತ್ತು ಎರಡನ್ನೂ ಜೋಡಿಸಿಕೊಡುವುದು ಅದರ ಪಕ್ಕದ ಹಿಪ್ಪೊಕ್ಯಾಂಪಸ್. ಕೋತಿಗೂ ನಮಗೂ ಈ ಏರ್ಪಾಡು ಹೆಚ್ಚುಕಡಿಮೆ ಒಂದೇ. ಅಣ್ಣನಿಗೆ ಜ್ವರ ಸುಟ್ಟದ್ದು ಎರಡು ಕಡೆಯೂ ಇದೇ ಜಾಗ.

"ಇದೆಲ್ಲ ಇಷ್ಟು ಖಚಿತವಾಗಿ ಹೇಗೆ ಗೊತ್ತು?" ಎಂದೆ. ಟೀಚರು ತಾನೇ, ಕೇಳುವುದು ಅಭ್ಯಾಸ.

ಹರುಕೊ ಮಾದರಿಯನ್ನು ಮೇಜಿನ ಮೇಲಿಟ್ಟರು. ಹಿಂದಿನವರು ಕೋತಿಗಳಿಗೆ ಆಪರೇಷನ್ ಮಾಡಿ ಆ ಭಾಗಗಳನ್ನು ತೆಗೆದು ನೋಡಿದರು ಎಂದರು. ಒಂದಕ್ಕೆ ಈ ಪಟ್ಟಿ, ಒಂದಕ್ಕೆ ಅದರ ಪಕ್ಕದ್ದು. ಆಮೇಲೆ ಇದೇ ಆಟ ಆಡಿಸಿದರು. ಆ ಕೋತಿಗಳೂ ಎರಡೂ ಹೊಸವೇ ಎಂಬಂತೆ ಕೂತವು.

ಅಣ್ಣನ ಪ್ರಶ್ನೆಯೇ ನೆನಪಾಯಿತು, ಯಾವ ಪಾಪಿ ಕತ್ತರಿಸಿದ ಎಂದು. ಕತ್ತರಿಸಿದ್ದು ಬಾಲವನ್ನಲ್ಲ. ಅಣ್ಣನಿಗೆ ಏನಾಗಿದೆಯೆಂದು ಹೇಳಬಲ್ಲ ಒಂದೇ ಒಂದು ಜಾಗಕ್ಕೆ ಬಂದಿದ್ದೆ, ಅವರಿಗೆ ಅದು ಗೊತ್ತಾದದ್ದು ಹೀಗೆ. ನನಗೆ ಕೋಪ ಬಂತು, ಕೃತಜ್ಞತೆಯೂ ಬಂತು, ಎರಡನ್ನೂ ನುಂಗಲಾಗಲಿಲ್ಲ.

ಕಟ್ಟಡದ ಹಿಂದಿನ ಕಲ್ಲು

ಹರುಕೊ ನಮ್ಮನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಬಿದಿರ ಮೆಳೆಯ ಕೆಳಗೆ ಒಂದು ನಿಲುಗಲ್ಲು, ಬುಡದಲ್ಲಿ ಹೂವು, ಎರಡು ಕಿತ್ತಳೆ. ಸತ್ತ ಪ್ರಾಣಿಗಳಿಗೆಂದು ನಿಲ್ಲಿಸಿದ ಕಲ್ಲು. ವರ್ಷಕ್ಕೊಮ್ಮೆ ಎಲ್ಲರೂ ಬಂದು ತಲೆಬಾಗುತ್ತಾರಂತೆ. ನನ್ನ ನಾಲಿಗೆ ತುದಿಯಲ್ಲಿ ಖಾರವಾದ ಮಾತಿತ್ತು, ಮಾಡೋದೆಲ್ಲ ಮಾಡಿ ಕಿತ್ತಳೆ ಇಟ್ಟರೆ ಆಯಿತಾ ಎಂದು. ಅಷ್ಟರಲ್ಲಿ ನಮ್ಮೂರಿನ ಟೊಮೇಟೊ ಹೊಲ ನೆನಪಾಯಿತು. ಶನಿವಾರ ಆಂಜನೇಯನಿಗೆ ವೀಳ್ಯದೆಲೆ ಹಾರ, ಭಾನುವಾರ ಹೊಲಕ್ಕೆ ಬಂದ ಕೋತಿಗೆ ಪಟಾಕಿ, ಕವಣೆ ಕಲ್ಲು. ನಾವು ಒಂದು ಕಿತ್ತಳೆಯನ್ನೂ ಇಟ್ಟಿಲ್ಲ.

ಅಣ್ಣ ಕಲ್ಲನ್ನು ನೋಡಿ, "ಯಾವ ದೇವ್ರಮ್ಮ?" ಅಂದ. ಅವನು ಉತ್ತರಕ್ಕೆ ಕಾಯಲಿಲ್ಲ, ಜೇಬಿನಲ್ಲುಳಿದ ಕಡಲೇಕಾಯಿ ತೆಗೆದು ಕಿತ್ತಳೆಯ ಪಕ್ಕ ಇಟ್ಟು ಕೈಮುಗಿದ. ಹರುಕೊ ಅದನ್ನು ನೋಡಿ ತಾವೂ ಬಗ್ಗಿದರು, ಬಹಳ ಹೊತ್ತು ಬಗ್ಗಿಯೇ ಇದ್ದರು.

ಫೋಟೋ ಆಟ

ಆಪರೇಷನ್ ಆದ ಆ ಕೋತಿಗಳಿಂದ ಇನ್ನೊಂದು ವಿಷಯವೂ ಗೊತ್ತಾಗಿತ್ತು, ಹರುಕೊ ನಮ್ಮನ್ನು ಕರೆಸಿದ್ದೇ ಅದಕ್ಕೆ. ಒಮ್ಮೆ ಕಂಡದ್ದನ್ನು ಗುರುತಿಸಲಾಗದ ಕೋತಿಯೂ, ದಿನಾ ಅದೇ ಜೋಡಿ ಚಿತ್ರ ತೋರಿಸಿ, ದಿನಾ ಅದರಲ್ಲಿ ಒಂದಕ್ಕೇ ತಿಂಡಿ ಕೊಟ್ಟರೆ, ಕೊನೆಗೆ ಅದನ್ನೇ ಮುಟ್ಟಲು ಕಲಿಯುತ್ತದೆ. ಆ ಕಲಿಕೆ ನಡೆಯುವುದು ಮಿದುಳಿನ ಬೇರೆ ಕಡೆ, ಇನ್ನೂ ಒಳಗೆ, ಸೈಕಲ್ ಹೊಡೆಯುವುದನ್ನು ಇಟ್ಟುಕೊಳ್ಳುವ ಜಾಗದಲ್ಲಿ. ಅದಕ್ಕೆ ನೆನಪು ಬೇಡ, ಅಭ್ಯಾಸ ಸಾಕು.

ಸುಮಾ ಜೋಡಿಗಳಲ್ಲಿ ಒಂದಕ್ಕೆ ಬುಜ್ಜಿಯ ಫೋಟೋ ಹಾಕಿದಳು, ಪಕ್ಕದಲ್ಲಿ ಬೇರೆ ಮಗು. ಸರಿಯಾದರೆ ಗಂಟೆ ಟಿಣ್ ಅನ್ನುತ್ತಿತ್ತು. ಅಣ್ಣ ಗಂಟೆಗೆ ಸೊಪ್ಪು ಹಾಕಲಿಲ್ಲ. ನಾನು ಕಡಲೇಕಾಯಿ ಕೊಡಲು ಶುರುಮಾಡಿದೆ, ಆಗ ಹುಮ್ಮಸ್ಸು ಬಂತು. ದಿನಾ ಬೆಳಿಗ್ಗೆ ಅದೇ ಕೋಣೆ, ಅದೇ ಕುರ್ಚಿ. ದಿನಾ ಅವನು, "ಏನಮ್ಮ ಈ ಯಂತ್ರ? ನಾನು ನೋಡೇ ಇಲ್ಲ" ಎಂದೇ ಕೂರುತ್ತಿದ್ದ.

ವಾರಗಳು ಕಳೆದವು. ಒಂದು ಬೆಳಿಗ್ಗೆ ಅವನ ಬೆರಳು ತಡವರಿಸದೆ ಬುಜ್ಜಿಯ ಮೇಲೆ ಹೋಯಿತು. ಮತ್ತೆ ಹೋಯಿತು. ಎಡಕ್ಕೆ ಬಂದರೂ, ಬಲಕ್ಕೆ ಬಂದರೂ ಬುಜ್ಜಿಯ ಮೇಲೇ.

"ಅಣ್ಣ, ಯಾರಿದು?"

"ಯಾರೋ ಗೊತ್ತಿಲ್ಲಮ್ಮ."

"ಮತ್ತೆ ಯಾಕೆ ಮುಟ್ಟಿದೆ?"

ಅವನು ತನ್ನ ಬೆರಳನ್ನು ತಿರುಗಿಸಿ ನೋಡಿಕೊಂಡ. "ಕೈ ಹೋಯ್ತು."

ಅಣ್ಣನೊಳಗೆ ಅಣ್ಣನಿಗೇ ಗೊತ್ತಿಲ್ಲದೆ ಯಾರೋ ಪಾಠ ಕಲಿಯುತ್ತಿದ್ದಾರೆ! ಅವತ್ತೇ ಅತ್ತಿಗೆಗೆ ಫೋನು ಮಾಡಿ ಕೂಗಾಡಿಬಿಟ್ಟೆ: "ಅತ್ತಿಗೆ, ಬುಜ್ಜೀ ಗುರ್ತು ಹಿಡಿದ ಕಣ್ರೀ! ನಿಮ್ಮ ಮಗೂನ ಗುರ್ತು ಹಿಡಿದ!" ಸುಮಾ ನನ್ನ ತೋಳು ಹಿಡಿದಳು. "ಅತ್ತೆ, ಅಷ್ಟು ಬೇಗ ಹೇಳ್ಬೇಡಿ." ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಬೆಂಗಳೂರು ವಿಮಾನ ನಿಲ್ದಾಣ

ಅತ್ತಿಗೆ ಬುಜ್ಜಿಗೆ ಹಸಿರು ಲಂಗ ಹಾಕಿ, ಎರಡು ಜಡೆ ಹೆಣೆದು, ಕಬ್ಬಿಣದ ಕಟಕಟೆಗೆ ಆತು ನಿಂತಿದ್ದಳು. ಅಣ್ಣ ಹೆಂಡತಿಯನ್ನು ಕಂಡು ಹಲ್ಲು ಬಿಟ್ಟ. ಆಮೇಲೆ ಕಣ್ಣು ಕೆಳಗಿಳಿಯಿತು.

"ಯಾರ ಪಾಪಮ್ಮ ಇದು?"

ಅತ್ತಿಗೆ ನನ್ನ ಮುಖ ನೋಡಿದಳು. ಆ ನೋಟವನ್ನು ಜಪಾನಿನ ಯಾವ ಆಘಾತಕ್ಕೂ ಹೋಲಿಸಲಾರೆ. ಕಾರು ನರಸಾಪುರ ದಾಟುವಾಗ ಅಣ್ಣ, "ಎಲ್ಲಿಗೋಗಿದ್ವಿ ಪದ್ದಿ?" ಎಂದು ಕೇಳಿದ. "ಜಪಾನು" ಎಂದೆ. "ಜಪಾನಾ!" ಎಂದ.

ಮನೆ ಸೇರಿ ಸುಮಾಗೆ ವೀಡಿಯೋ ಕಾಲ್ ಮಾಡಿ ರೇಗಾಡಿದೆ. ಅವಳು ಪಕ್ಕದಲ್ಲಿದ್ದ ಹರುಕೊ ಅವರನ್ನು ಕೇಳಿ ಹೇಳಿದಳು: "ಅಭ್ಯಾಸ ಕಲಿತ ಜಾಗಕ್ಕೇ ಅಂಟ್ಕೊಂಡಿರತ್ತೆ ಅತ್ತೆ. ಆ ಫೋಟೋ, ಆ ಪರದೆ, ಆ ಕುರ್ಚಿ. ಬಟ್ಟೆ ಬದಲಾಯ್ತು, ಜಡೆ ಬಂತು, ಮುಗೀತು. ಎಲ್ಲಿ ಬೇಕೋ ಅಲ್ಲೇ ಕಲಿಸ್ಬೇಕು. ಮುಖ ಗುರ್ತಾಗಲ್ಲ. ಏನಾದ್ರೂ ಉಳಿಯತ್ತೋ ನೋಡೋಣ."

ಅತ್ತಿಗೆ ಇದನ್ನೆಲ್ಲ ನಿಂತು ಕೇಳಿದಳು. ಕೊನೆಗೆ, "ಅಲ್ಲಿ ಕಡ್ಲೇಕಾಯಿ ಕೊಡ್ತಿದ್ದೋರು ಯಾರು?" ಅಂದಳು.

"ನಾನು."

"ಇಲ್ಲಿ ಪಾಪೂನೇ ಕೊಡ್ಲಿ ಬಿಡಿ. ಸುಗ್ಗಿ ಮುಗಿಯೋವರ್ಗೂ ನೋಡ್ತೀನಿ."

ಮತ್ತೆ ರಾಯಲ್ಪಾಡು

ಹಾಗೆ ಶುರುವಾಯಿತು. ದಿನಾ ಬೆಳಿಗ್ಗೆ ಅಣ್ಣ ಜಗಲಿಯ ಅದೇ ಕಂಬಕ್ಕೆ ಒರಗಿ ಕೂರುವುದು, ಬುಜ್ಜಿ ಅದೇ ಹಳದಿ ಫ್ರಾಕಿನಲ್ಲಿ ಬಂದು ಅವನ ಅಂಗೈಗೆ ಸುಲಿದ ಕಡಲೇಬೀಜ ಇಡುವುದು. "ಯಾರ ಪಾಪಮ್ಮ?" "ನಿನ್ ಪಾಪ. ತಿನ್ನು." ಮೊದಮೊದಲು ಅಮ್ಮನ ಸೆರಗು ಹಿಡಿದೇ ಬರುತ್ತಿತ್ತು, ಆಮೇಲೆ ಒಂಟಿಯಾಗಿ ಬಂತು. ಕಡೆಕಡೆಗೆ "ಬಾಯಿ ಬಿಡು" ಎಂದು ಗದರುವ ಮಟ್ಟಕ್ಕೆ ಬಂತು. ಆದರೆ ಅಣ್ಣನ ಪ್ರಶ್ನೆ ಬದಲಾಗಲಿಲ್ಲ. ಕೊನೆಯ ಲೋಡು ಮಾವು ಮಂಡಿಗೆ ಹೋಯಿತು. ಅತ್ತಿಗೆ ನನಗೆ ಫೋನು ಮಾಡಿ, "ಪದ್ಮಕ್ಕ, ನೀವು ಬಂದು ಇರಿ ಸ್ವಲ್ಪ ದಿನ. ನಾವು ಹೊರಟ್ವಿ" ಅಂದಳು. ನಾನು ಬಟ್ಟೆಯ ಚೀಲ ಹಿಡಿದು ರಾಯಲ್ಪಾಡಿಗೆ ಹೋದೆ.

ಅವರು ಮದನಪಲ್ಲಿ ಬಸ್ಸು ಹತ್ತಿದ ಮಾರನೆಯ ಬೆಳಿಗ್ಗೆ ನಾನು ಕಾಫಿ ಹಿಡಿದು ಜಗಲಿಗೆ ಬಂದೆ. ಅಣ್ಣ ಕಂಬಕ್ಕೆ ಒರಗಿ ಕೂತಿದ್ದ. ಬಲಗೈ ಮೊಣಕಾಲ ಮೇಲೆ, ಅಂಗೈ ಮೇಲಕ್ಕೆ ಬಿಚ್ಚಿಕೊಂಡಿತ್ತು.

"ಏನಣ್ಣ, ಕೈ ಚಾಚ್ಕೊಂಡು ಕೂತಿದೀಯ?"

ಅವನು ಕೈ ನೋಡಿಕೊಂಡ. "ಗೊತ್ತಿಲ್ಲಮ್ಮ." ಬೀದಿಯ ಕಡೆ ನೋಡಿದ, ಬಾಗಿಲ ಕಡೆ ನೋಡಿದ. "ಯಾರೋ ಬರ್ಬೇಕಿತ್ತು."

ನಾನು ಕಾಫಿ ಕೆಳಗಿಟ್ಟು ಒಳಗೆ ಓಡಿದೆ. ನಾಲ್ಕು ಕಡಲೇಕಾಯಿ ಸುಲಿದು ತಂದು ಅವನ ಅಂಗೈಗೆ ಇಟ್ಟೆ. ಅವನು ಬೀಜ ನೋಡಿದ, ನನ್ನನ್ನು ನೋಡಿದ. ಬೀಜಗಳನ್ನು ಜಗಲಿಯ ಮೇಲೆ ಮೆಲ್ಲಗೆ ಸುರಿದು ಮತ್ತೆ ಅಂಗೈ ಬಿಚ್ಚಿ ಮೊಣಕಾಲ ಮೇಲಿಟ್ಟುಕೊಂಡ.

"ನೀನಲ್ಲಮ್ಮ" ಅಂದ.

ಅತ್ತಿಗೆಗೆ ಫೋನು ಹಚ್ಚಿ ಜಗಲಿಯಲ್ಲಿ ನಡೆದದ್ದನ್ನು ನಡೆದ ಹಾಗೇ ಹೇಳಿದೆ, ಈ ಸಲ ಕೂಗಾಡಲಿಲ್ಲ.

"ಅವ್ರು ಇನ್ನೂ ಅಲ್ಲೇ ಕೂತವ್ರಾ?" ಎಂದಳು.

"ಕೂತಿದಾನೆ."

"ಕೈ?"

"ಹಂಗೇ ಇದೆ."

"ಎದ್ದೋಗಕ್ಕೆ ಬಿಡ್ಬೇಡಿ ಪದ್ಮಕ್ಕ" ಅಂದಳು ಅತ್ತಿಗೆ. "ಹಳದಿ ಫ್ರಾಕ್ ಹಾಕಿಸ್ತಿದೀನಿ. ಬಂದ್ವಿ."